ರಸ್ತೆ ಗೋಚರತೆಯ ಮಾನದಂಡಗಳು ಮತ್ತು ವಾಹನ ಸಂವೇದಕಗಳು

ರಸ್ತೆಯ ಗೆರೆ, ಫಲಕ, ಪ್ರತಿಫಲಕಗಳು ಚಾಲಕನ ಕಣ್ಣಿಗೆ ಹೇಗೆ ಕಾಣಬೇಕು ಎಂದು ಗೊತ್ತುಪಡಿಸುವ ನಿಯಮಗಳು. ಭಾರತದಲ್ಲಿ ಗೆರೆಗಳಿಗೆ ಇಂಡಿಯನ್ ರೋಡ್ಸ್ ಕಾಂಗ್ರೆಸ್ಸಿನ ಐಆರ್‌ಸಿ 35, ಫಲಕಗಳಿಗೆ ಐಆರ್‌ಸಿ 67 ಸಂಹಿತೆಗಳಿವೆ. ರಸ್ತೆ ವಿನ್ಯಾಸದ ಲೆಕ್ಕವೂ ಮನುಷ್ಯನದೇ: ನೆಲದಿಂದ 1.2 ಮೀಟರ್ ಎತ್ತರದಲ್ಲಿ ಕಣ್ಣು, ಕಂಡು ಬ್ರೇಕ್ ತುಳಿಯಲು 2.5 ಸೆಕೆಂಡು. ಗಂಟೆಗೆ 100 ಕಿ.ಮೀ. ವೇಗಕ್ಕೆ 180 ಮೀಟರ್ ನೋಟ ಬೇಕೆಂಬುದು ಈ ಸಮಯದಲ್ಲಿ ಸಾಗುವ ದೂರಕ್ಕೆ ಬ್ರೇಕ್ ಹಿಡಿದು ನಿಲ್ಲುವ ದೂರವೂ ಸೇರಿ ಬಂದದ್ದು.

ಜನ 'ರೇಡಿಯಂ' ಎನ್ನುವ ಪ್ರತಿಫಲಕ ಪಟ್ಟಿಯಲ್ಲಿ ರೇಡಿಯಂ ಇರುವುದಿಲ್ಲ. ಅದರ ಸೂಕ್ಷ್ಮ ಗಾಜಿನ ಮಣಿಗಳು ಅಥವಾ ಪಟ್ಟಕಗಳು ಹೆಡ್‌ಲೈಟಿನ ಬೆಳಕನ್ನು ಬಂದ ದಾರಿಯಲ್ಲೇ ಹಿಂದಿರುಗಿಸುತ್ತವೆ. ವಾಹನದ ಸಂವೇದಕಗಳಲ್ಲಿ ಕ್ಯಾಮೆರಾಕ್ಕೂ ಇದು ಅನುಕೂಲ. ಲೈಡಾರ್ ತಾನೇ ಲೇಸರ್ ಬಿಟ್ಟು ತಾನೇ ಹಿಡಿಯುವುದರಿಂದ ಮರಳುವ ಬೆಳಕು ಅತಿಯಾಗಿ, ಫಲಕ ಇರುವುದಕ್ಕಿಂತ ದೊಡ್ಡದಾಗಿ ತೋರಬಹುದು. ರೇಡಾರಿಗೆ ಬಣ್ಣವೂ ಹೊಳಪೂ ಲೆಕ್ಕಕ್ಕಿಲ್ಲ. ಲೋಹ ಚೆನ್ನಾಗಿ ಕಾಣುತ್ತದೆ, ಮರದ ಚಕ್ಕಡಿ ಮಂಕು.

ಬೈಲಹೊಂಗಲ, ಕಿತ್ತೂರು, ಸವದತ್ತಿ, ರಾಮದುರ್ಗ ತಾಲ್ಲೂಕುಗಳಲ್ಲಿ ಕಣ್ಣಿಗೂ ಸಂವೇದಕಕ್ಕೂ ಇರುವ ಈ ವ್ಯತ್ಯಾಸ ಕಬ್ಬಿನ ಹಂಗಾಮಿನಲ್ಲಿ ಎದ್ದು ಕಾಣುತ್ತದೆ. ಕಿತ್ತೂರಿನ ಬಳಿ ಹಾಯುವ ರಾಷ್ಟ್ರೀಯ ಹೆದ್ದಾರಿ 48ರಲ್ಲಿ ಗೆರೆ, ಫಲಕಗಳು ಸಂಹಿತೆಗೆ ಹತ್ತಿರವಿವೆ. ಒಳರಸ್ತೆಗಳ ಮಾತು ಬೇರೆ. ಹೊಲದಿಂದ ಹತ್ತಿದ ಟ್ರ್ಯಾಕ್ಟರಿನ ಗಾಲಿ ಎರೆಮಣ್ಣನ್ನು ಡಾಂಬರಿನ ಮೇಲೆ ಮೆತ್ತುತ್ತದೆ. ಬಿಳಿಗೆರೆ ಅದರಡಿ ಮುಚ್ಚಿಹೋಗುತ್ತದೆ. ಊರಿನ ಚಾಲಕ ಸುಣ್ಣ ಬಳಿದ ಮರದ ಬೊಡ್ಡೆ ನೋಡಿ ಅಂಚು ಹಿಡಿಯುತ್ತಾನೆ. ಗೆರೆಯನ್ನೇ ನೆಚ್ಚಿದ ಕ್ಯಾಮೆರಾ ಕೈಚೆಲ್ಲುತ್ತದೆ.

ಟ್ರೇಲರ್ ಪಂಕ್ಚರ್ ಆಗಿ ನಿಂತರೆ ಹಿಂದೆ ನಾಲ್ಕು ಕಲ್ಲು, ಒಂದು ಸೊಪ್ಪಿನ ಟೊಂಗೆ ಇಡುವುದು ವಾಡಿಕೆ. ಟೊಂಗೆಯ ಅರ್ಥ ಚಾಲಕನಿಗೆ ಗೊತ್ತು. ಯಾವ ಸಂಹಿತೆಯಲ್ಲೂ ಇಲ್ಲದ ಈ ಸಂಕೇತವನ್ನು ಕಲಿಸದ ಹೊರತು ಯಂತ್ರ ಅರಿಯದು. ಅದರ ಮೇಲೆ, ನಿಂತ ವಸ್ತುವಿನಿಂದ ಮರಳಿದ ಅಲೆಯನ್ನು ಫಲಕ, ಸೇತುವೆಗಳ ಪ್ರತಿಫಲನವೆಂದು ತಳ್ಳಿಹಾಕುವ ರೇಡಾರ್ ವ್ಯವಸ್ಥೆಗಳೂ ಇವೆ. ಹುಣ್ಣಿಮೆಗೆ ಸವದತ್ತಿಯ ಯಲ್ಲಮ್ಮನ ಗುಡ್ಡಕ್ಕೆ ಚಕ್ಕಡಿ ಕಟ್ಟಿಕೊಂಡು, ನಡೆದುಕೊಂಡು ಹೋಗುವವರ ಬೆನ್ನಿಗಂತೂ ರೇಡಿಯಂ ಪಟ್ಟಿಯೇ ಇರುವುದಿಲ್ಲ.

ಮಾನದಂಡವನ್ನು ಯಂತ್ರಕ್ಕಾಗಿ ಬದಲಿಸುವ ಮೊದಲು, ಇರುವ ಮಾನದಂಡ ಒಳರಸ್ತೆಗೆ ತಲುಪಬೇಕು. ಲೋಡು ಕಟ್ಟಿದ ಮೇಲೆ ಟ್ರೇಲರಿನ ಹಿಂದೆ ಇಳಿಬಿದ್ದ ಕಬ್ಬಿನ ಸೋಗೆ ಕತ್ತರಿಸಿ, ರೇಡಿಯಂ ಪಟ್ಟಿಯ ಮಣ್ಣು ಒರೆಸಿದರೆ ಅದು ಕಣ್ಣಿಗೂ ಕ್ಯಾಮೆರಾಕ್ಕೂ ಒಟ್ಟಿಗೆ ಕಾಣುತ್ತದೆ.