ಒಂಬತ್ತು ಬೆರಳಿಗೆ ಆಕಾಶನೀಲಿ

ಟೆಕ್ಸಾಸ್ ಪತ್ರ: ಕಂತು 17

ಊರಲ್ಲಿ ಮಳೆ ಚೆನ್ನಾಗಿ ಹಿಡಿದಿದೆ ಅಂತ ಅಣ್ಣ ಹೇಳಿದ. ಇಲ್ಲಿ ಡಲ್ಲಾಸ್‌ನಲ್ಲಿ ಬಿಸಿಲು ನೂರು ಡಿಗ್ರಿ ದಾಟಿದೆ. ಗಾಬರಿ ಬೇಡ, ಇದು ಇವರ ಫ್ಯಾರನ್‌ಹೀಟ್ ಲೆಕ್ಕ. ನಮ್ಮ ಲೆಕ್ಕದಲ್ಲಿ 38.

ಕಳೆದ ವಾರ ನಾನು ಹಾಕಿದ ಫೋಟೊದಲ್ಲಿ ಎಲ್ಲರೂ ಹೊಸ ಕಾರು ನೋಡುತ್ತಾರೆ ಅಂದುಕೊಂಡಿದ್ದೆ. ಆದರೆ ಸ್ಟೀರಿಂಗ್ ಮೇಲಿದ್ದ ನನ್ನ ಉಗುರುಗಳೇ ಸುದ್ದಿಯಾದವು. ಗಿಡ್ಡ ಉಗುರು, ತೆಳು ನೀಲಿ ಬಣ್ಣ. ಪುತ್ತೂರಿನ ಚಿಕ್ಕಮ್ಮ ಕೇಳಿದರು: "ನರ್ಸ್ ಆದವಳಿಗೆ ಉಗುರಿಗೆ ಬಣ್ಣ ಯಾಕೆ? ಹಚ್ಚುವುದೇ ಆದರೆ ಕೆಂಪು ಹಚ್ಚಬಾರದಾ, ಈ ನೀಲಿ ಎಂತದ್ದು? ಉದ್ದ ಬಿಟ್ಟರೆ ಚಂದ ಅಲ್ವಾ?" ಕಾಲೇಜಿನ ಗೆಳತಿಯರು ಮಾತ್ರ ಡಿಸೈನ್ ಕಳಿಸು ಅಂದರು.

ಚಿಕ್ಕಮ್ಮ, ನಿಮ್ಮ ಮೂರು ಪ್ರಶ್ನೆಗೂ ಉತ್ತರ ಉಂಟು. ಆದರೆ ಮೂರಕ್ಕೂ ಸ್ವಲ್ಪ ಇತಿಹಾಸ ಹೇಳಬೇಕು. ಡಿಸೈನ್ ಕೊನೆಯಲ್ಲಿ ಹೇಳುತ್ತೇನೆ.

ಕ್ಯೂಟೆಕ್ಸ್ ಎಂಬ ಹೆಸರು

ನಮ್ಮ ಮನೆಯಲ್ಲಿ ನೇಲ್ ಪಾಲಿಶ್ ಅಂತ ಯಾರೂ ಹೇಳುತ್ತಿರಲಿಲ್ಲ. ಯಾವ ಕಂಪನಿಯದ್ದಾದರೂ ಅದು "ಕ್ಯೂಟೆಕ್ಸ್". ಜಾತ್ರೆಯ ಬಳೆ ಅಂಗಡಿಯಲ್ಲಿ "ಒಂದು ಕ್ಯೂಟೆಕ್ಸ್ ಕೊಡಿ" ಅಂದರೆ ಸಾಕಿತ್ತು. ಅದು ಒಂದು ಅಮೆರಿಕನ್ ಕಂಪನಿಯ ಹೆಸರು ಎಂದು ನನಗೆ ಗೊತ್ತಾದದ್ದು ಇಲ್ಲಿಗೆ ಬಂದ ಮೇಲೆ. ನಾರ್ಥಮ್ ವಾರೆನ್ ಎಂಬವರ ಕಂಪನಿ ಮೊದಲು ಉಗುರಿನ ಬುಡದ ಚರ್ಮ ಮೆದು ಮಾಡುವ ದ್ರವ ಮಾರುತ್ತಿತ್ತು. ಉಗುರಿನ ಬುಡದ ಚರ್ಮಕ್ಕೆ ಇಂಗ್ಲಿಷಿನಲ್ಲಿ ಕ್ಯೂಟಿಕಲ್, ಅದರಿಂದ ಕ್ಯೂಟೆಕ್ಸ್. 1917ರಲ್ಲಿ ಅವರು ಬಣ್ಣದ ದ್ರವ ತಂದರು. 1932ರಲ್ಲಿ ರೆವ್ಲಾನ್ ಕಂಪನಿ ಶುರುವಾಗಿ, ಉಗುರು ಪೂರ್ತಿ ಮುಚ್ಚುವಂಥ ಗಟ್ಟಿ ಬಣ್ಣ ಬಂತು. ಇದರ ಮುಖ್ಯ ವಸ್ತು ನೈಟ್ರೋಸೆಲ್ಯುಲೋಸ್. ಮದ್ದುಗುಂಡಿಗೂ ಅದೇ, ಹಳೆಯ ಕಾಲದ ಕಾರಿನ ಬಣ್ಣಕ್ಕೂ ಅದೇ. ನಮ್ಮ ದೇಶದಲ್ಲಿ ಟಾಟಾದವರು ಲ್ಯಾಕ್ಮೆ ಶುರು ಮಾಡಿದ್ದು 1952ರಲ್ಲಿ.

ಅದಕ್ಕೂ ಮೊದಲು ನಮಗೆ ಮದರಂಗಿ ಇತ್ತು. ಸೊಪ್ಪು ಅರೆದು ಬೆರಳ ತುದಿಗೆ ಟೊಪ್ಪಿಯ ಹಾಗೆ ಇಟ್ಟರೆ ಉಗುರು ತಿಂಗಳುಗಟ್ಟಲೆ ಕೆಂಪು. ಅಮ್ಮನ ಬೆರಳುಗಳು ಮಾತ್ರ ಮದರಂಗಿ ಇಲ್ಲದೆಯೇ ಕಂದು. ಬೀಡಿ ಕಟ್ಟಿ ಕಟ್ಟಿ ಹೊಗೆಸೊಪ್ಪಿನ ಕರೆ. ನನ್ನ ನರ್ಸಿಂಗ್ ಫೀಸಿನ ಅರ್ಧ ಆ ಕರೆಯಿಂದ ಬಂದದ್ದು ಅಂತ ಇಲ್ಲಿ ಓದುವ ಎಲ್ಲರಿಗೂ ಗೊತ್ತು.

ಗಿಡ್ಡ ಯಾಕೆ

ಟೆಕ್ಸಾಸಿನ ಉತ್ತರಕ್ಕೆ ಒಕ್ಲಹೋಮ ರಾಜ್ಯ. ಡಲ್ಲಾಸ್‌ನಿಂದ ಒಂದೂವರೆ ಗಂಟೆ ಓಡಿಸಿದರೆ ಗಡಿ. ಅಲ್ಲಿಯ ಒಂದು ಆಸ್ಪತ್ರೆಯ ನವಜಾತ ಶಿಶುಗಳ ಐಸಿಯುನಲ್ಲಿ 1997ರ ಜನವರಿಯಿಂದ 1998ರ ಮಾರ್ಚ್ ತನಕ ಸೂಡೊಮೊನಾಸ್ ಎಂಬ ಬ್ಯಾಕ್ಟೀರಿಯಾ 46 ಮಕ್ಕಳಿಗೆ ತಗುಲಿತು. ಅವರಲ್ಲಿ 16 ಮಕ್ಕಳು ತೀರಿಕೊಂಡವು. ತನಿಖೆ ಮಾಡಿದವರು ಸಿಬ್ಬಂದಿಯ ಕೈಗಳನ್ನು ಪರೀಕ್ಷಿಸಿದರು. ಒಬ್ಬ ನರ್ಸಿನದು ಉದ್ದದ ಸ್ವಂತ ಉಗುರು, ಇನ್ನೊಬ್ಬರದು ಉದ್ದದ ಕೃತಕ ಉಗುರು. ಸೋಂಕು ಹರಡುವುದರಲ್ಲಿ ಆ ಉಗುರುಗಳ ಪಾಲೂ ಇದ್ದಿರಬಹುದು ಎಂದು ಅವರ ವರದಿ ಹೇಳಿತು. "ಇರಬಹುದು" ಎಂದಷ್ಟೇ. ಆದರೆ ಎನ್‌ಐಸಿಯುನಲ್ಲಿ ಕೆಲಸ ಮಾಡಿದವರಿಗೆ ಅಷ್ಟು ಸಾಕು, ಆ ರಾತ್ರಿ ನಿದ್ದೆ ಬರುವುದಿಲ್ಲ.

2002ರಲ್ಲಿ ಅಮೆರಿಕದ ಸಿಡಿಸಿ ಕೈ ಶುಚಿತ್ವದ ಮಾರ್ಗಸೂಚಿ ತಂದಿತು. ಉಗುರಿನ ತುದಿ ಕಾಲು ಇಂಚಿಗಿಂತ ಕಡಿಮೆ ಇರಬೇಕು. ಐಸಿಯು, ಆಪರೇಷನ್ ಥಿಯೇಟರಿನಂಥ ಕಡೆ ರೋಗಿಯನ್ನು ಮುಟ್ಟುವವರು ಕೃತಕ ಉಗುರು ಹಾಕಬಾರದು. 2009ರಲ್ಲಿ ವಿಶ್ವ ಆರೋಗ್ಯ ಸಂಸ್ಥೆಯೂ ಅರ್ಧ ಸೆಂಟಿಮೀಟರ್ ಎಂದಿತು. ಬಣ್ಣದ ಬಗ್ಗೆ ಸಿಡಿಸಿ ಹೇಳಿದ್ದು ಸ್ವಾರಸ್ಯವಾಗಿದೆ: ಹೊಸದಾಗಿ ಹಚ್ಚಿದ ಬಣ್ಣದಿಂದ ಬ್ಯಾಕ್ಟೀರಿಯಾ ಹೆಚ್ಚುವುದಿಲ್ಲ, ಎದ್ದುಬಂದ ಬಣ್ಣದಲ್ಲಿ ಹೆಚ್ಚು ಬೆಳೆಯಬಹುದು. ಹಾಗಾಗಿ ನಮ್ಮ ವಾರ್ಡಿನ ನಿಯಮ ಹೀಗೆ: ಗಿಡ್ಡ ಉಗುರು, ಸಾದಾ ಪಾಲಿಶ್, ಒಂದು ಚೂರು ಎದ್ದರೂ ಪೂರ್ತಿ ಒರೆಸಬೇಕು. ಜೆಲ್ ಇಲ್ಲ. ಬೇರೆ ಕಡೆ ಬಣ್ಣವೇ ಬೇಡ ಎನ್ನುವವರೂ ಇದ್ದಾರೆ. ಈಗ ಗೊತ್ತಾಯಿತಲ್ಲ ಚಿಕ್ಕಮ್ಮ, ಉದ್ದ ಯಾಕೆ ಬಿಡುವುದಿಲ್ಲ ಅಂತ.

ಹಚ್ಚುವವರು ಯಾರು

ನಾನು ಮೊದಲ ಸಲ ನೇಲ್ ಸಲೂನಿಗೆ ಹೋದದ್ದು 2018ರಲ್ಲಿ, ಡಲ್ಲಾಸ್‌ನಲ್ಲಿ ಅಕ್ಕ ವಿಶ್ವ ಕನ್ನಡ ಸಮ್ಮೇಳನ ನಡೆದಾಗ. ಇಳಕಲ್ ಸೀರೆ ಉಡುವುದಿತ್ತು, ಕೈ ನೋಡಿದರೆ ಸ್ಯಾನಿಟೈಸರಿನಿಂದ ಒಡೆದು ಹೋಗಿತ್ತು. ಮಲ್ಲಿಗೆ ಕನ್ನಡ ಸಂಘದ ಒಬ್ಬ ಅಕ್ಕ ಗಾರ್ಲೆಂಡಿನ ಒಂದು ಸಣ್ಣ ಅಂಗಡಿಗೆ ಕರೆದುಕೊಂಡು ಹೋದರು. ಅಲ್ಲಿ ಕೆಲಸ ಮಾಡುವವರೆಲ್ಲ ವಿಯೆಟ್ನಾಮಿನವರು. ಅಮೆರಿಕದಲ್ಲಿ ಉಗುರಿನ ಕೆಲಸ ಮಾಡುವವರಲ್ಲಿ ಸುಮಾರು ಅರ್ಧದಷ್ಟು ಜನ ವಿಯೆಟ್ನಾಮ್ ಮೂಲದವರು. ಇದು ಹೇಗಾಯಿತು ಅಂತ ಹುಡುಕಿದರೆ ಒಬ್ಬ ಸಿನಿಮಾ ನಟಿ ಸಿಗುತ್ತಾಳೆ.

1975ರ ಏಪ್ರಿಲ್ 30ರಂದು ಸೈಗಾನ್ ಬಿತ್ತು. ನಿರಾಶ್ರಿತರು ಅಮೆರಿಕಕ್ಕೆ ಬಂದರು. ಕ್ಯಾಲಿಫೋರ್ನಿಯಾದ ಸ್ಯಾಕ್ರಮೆಂಟೊ ಹತ್ತಿರ ಹೋಪ್ ವಿಲೇಜ್ ಎಂಬ ಶಿಬಿರ ಇತ್ತು. ಹಿಚ್‌ಕಾಕ್‌ನ "ದಿ ಬರ್ಡ್ಸ್" ಸಿನಿಮಾದ ನಟಿ ಟಿಪ್ಪಿ ಹೆಡ್ರನ್ ಅಲ್ಲಿಗೆ ಸೇವೆಗೆ ಹೋಗುತ್ತಿದ್ದಳು. ಈ ಹೆಂಗಸರಿಗೆ ಏನಾದರೂ ಕಸುಬು ಕಲಿಸಬೇಕು, ಟೈಪಿಂಗಾ ಹೊಲಿಗೆಯಾ ಅಂತ ಯೋಚನೆಯಲ್ಲಿದ್ದಳು. ಹೆಂಗಸರು ನೋಡುತ್ತಿದ್ದದ್ದು ಅವಳ ಉಗುರುಗಳನ್ನು! ತನ್ನ ಉಗುರು ತಿದ್ದುತ್ತಿದ್ದ ಡಸ್ಟಿ ಕೂಟ್ಸ್ ಎಂಬವಳನ್ನೇ ಹೆಡ್ರನ್ ಶಿಬಿರಕ್ಕೆ ಕರೆಸಿದಳು. 20 ಹೆಂಗಸರು ಕಲಿತರು, ಬ್ಯೂಟಿ ಸ್ಕೂಲಿಗೆ ಹೋಗಿ ಲೈಸೆನ್ಸ್ ಪಡೆದರು. ಅವರು ತಮ್ಮವರಿಗೆ ಹೇಳಿದರು, ಅವರು ಇನ್ನೊಬ್ಬರಿಗೆ. ನಮ್ಮಲ್ಲಿ ಉಡುಪಿ ಹೋಟೆಲ್ ದೇಶ ತುಂಬ ಹಬ್ಬಿದ ಹಾಗೆಯೇ ಇದು. ಒಬ್ಬ ಬೊಂಬಾಯಿಗೆ ಹೋದರೆ ಸಾಕು, ಹಿಂದೆ ಇಡೀ ಊರು.

ಟೆಕ್ಸಾಸಿನ ಕಥೆ ಸ್ವಲ್ಪ ಖಾರ. ಹ್ಯೂಸ್ಟನ್ ಡಲ್ಲಾಸ್‌ನಿಂದ ಹೆಚ್ಚುಕಮ್ಮಿ ನಮಗೆ ಬೆಂಗಳೂರು ಇದ್ದಷ್ಟು ದೂರ. ಸೆಕೆ, ಬೆವರು, ಸಮುದ್ರ, ಮಳೆ ಎಲ್ಲ ಮಂಗಳೂರಿನ ಹಾಗೆಯೇ. ಅದಕ್ಕೇ ಇರಬೇಕು, ವಿಯೆಟ್ನಾಮಿನವರು ಅಲ್ಲಿಯೇ ತುಂಬ ಜನ ನೆಲೆಸಿದರು. ಗಂಡಸರು ಕರಾವಳಿಯಲ್ಲಿ ಸಿಗಡಿ ಹಿಡಿಯಲು ಇಳಿದರು. ಸ್ಥಳೀಯ ಮೀನುಗಾರರಿಗೂ ಇವರಿಗೂ ಜಗಳ ಹತ್ತಿತು. 1979ರಲ್ಲಿ ಸೀಡ್ರಿಫ್ಟ್ ಎಂಬ ಊರಲ್ಲಿ ಒಬ್ಬ ಬಿಳಿಯ ಏಡಿ ಹಿಡಿಯುವವನ ಕೊಲೆಯಾಗಿ, ವಿಯೆಟ್ನಾಮಿನವರ ದೋಣಿಗಳಿಗೆ ಬೆಂಕಿ ಬಿತ್ತು. ಆಮೇಲೆ ಗ್ಯಾಲ್ವೆಸ್ಟನ್ ಕೊಲ್ಲಿಯಲ್ಲಿ ಕೂ ಕ್ಲಕ್ಸ್ ಕ್ಲಾನ್‌ನವರು ಬಂದೂಕು ಹಿಡಿದು ದೋಣಿಯಲ್ಲಿ ಸುತ್ತಿ ಹೆದರಿಸಿದರು. ವಿಯೆಟ್ನಾಮಿನ ಮೀನುಗಾರರು ಓಡಿಹೋಗಲಿಲ್ಲ, ಕೋರ್ಟಿಗೆ ಹೋದರು. 1981ರಲ್ಲಿ ಹ್ಯೂಸ್ಟನ್ನಿನ ಫೆಡರಲ್ ಕೋರ್ಟಿನಲ್ಲಿ ನ್ಯಾಯಾಧೀಶೆ ಗೇಬ್ರಿಯೆಲ್ ಮೆಕ್‌ಡೊನಾಲ್ಡ್, ಸ್ವತಃ ಕಪ್ಪು ಮಹಿಳೆ, ಅವರ ಪರ ತಡೆಯಾಜ್ಞೆ ಕೊಟ್ಟರು. ಈಗ ಬೆಲ್ಲೇರ್ ಬೊಲೆವಾರ್ಡಿನಲ್ಲಿ ಹೋದರೆ ಅಂಗಡಿ ಬೋರ್ಡು, ರಸ್ತೆಯ ಹೆಸರು ಎಲ್ಲ ವಿಯೆಟ್ನಾಮಿ ಭಾಷೆಯಲ್ಲಿ ಕಾಣುತ್ತವೆ.

ನನ್ನ ಉಗುರು ಮಾಡುವ ಅಕ್ಕನ ಅಪ್ಪ ಸಿಗಡಿ ದೋಣಿಯಲ್ಲಿದ್ದವರು, ಅಮ್ಮ ಉಗುರಿನ ಕೆಲಸ. ಒಂದು ದಿನ ನನ್ನ ಬೆರಳು ಹಿಡಿದುಕೊಂಡು ಅವಳೇ ಕೇಳಿದಳು, "ನಿನ್ನ ಲೈಸೆನ್ಸ್ ಎಲ್ಲಿಂದ ಬಂತು?" ನಾನು ಅಂದೆ, "ಆಸ್ಟಿನ್‌ನಿಂದ." ಅವಳು ನಕ್ಕಳು, "ನನ್ನದೂ ಆಸ್ಟಿನ್‌ನಿಂದಲೇ!" ನಿಜ. ಟೆಕ್ಸಾಸಿನ ನರ್ಸಿಂಗ್ ಬೋರ್ಡೂ ರಾಜಧಾನಿ ಆಸ್ಟಿನ್‌ನಲ್ಲಿ, ಉಗುರಿನ ಕೆಲಸಕ್ಕೆ ಲೈಸೆನ್ಸ್ ಕೊಡುವ ಇಲಾಖೆಯೂ ಅಲ್ಲಿಯೇ. ಅವಳಿಗೆ 600 ಗಂಟೆ ತರಬೇತಿ, ಆಮೇಲೆ ಪರೀಕ್ಷೆ. ಅವಳ ಲಿಖಿತ ಪರೀಕ್ಷೆಯನ್ನು ವಿಯೆಟ್ನಾಮಿ ಭಾಷೆಯಲ್ಲೂ ಬರೆಯಬಹುದು. ನಮ್ಮ ಎನ್‌ಕ್ಲೆಕ್ಸ್ ಕನ್ನಡದಲ್ಲಿ ಇದ್ದಿದ್ದರೆ ನಾನು ಎರಡು ವರ್ಷ ಅಳಬೇಕಿರಲಿಲ್ಲ ಅಂತ ಹೇಳಿದೆ. ಅವಳು ಎರಡನೇ ಕೋಟ್ ಫ್ರೀಯಾಗಿ ಹಾಕಿದಳು.

ನೀಲಿ ಯಾಕೆ

ತೆಳು ನೀಲಿ ಫ್ಯಾಷನ್ ಆದದ್ದಕ್ಕೂ ಒಂದು ವರ್ಷ ಉಂಟು: 1995. ಲಾಸ್ ಏಂಜಲಿಸ್‌ನಲ್ಲಿ ಡಿನೆ ಮೊಹಾಜರ್ ಎಂಬ ಹುಡುಗಿ, ಇರಾನಿ ಮೂಲದವಳು, ಡಾಕ್ಟರ್ ಆಗಬೇಕೆಂದು ಓದುತ್ತಿದ್ದವಳು, ತನ್ನ ಚಪ್ಪಲಿಯ ಬಣ್ಣಕ್ಕೆ ಹೊಂದಲಿ ಎಂದು ಮನೆಯಲ್ಲೇ ಬಣ್ಣ ಬೆರೆಸಿ ಒಂದು ತೆಳು ನೀಲಿ ಮಾಡಿದಳು. ನೋಡಿದವರೆಲ್ಲ ಎಲ್ಲಿ ಸಿಗುತ್ತದೆ ಎಂದು ಕೇಳಿದರು. ಆ ಬಣ್ಣಕ್ಕೆ ಸ್ಕೈ ಎಂದು ಹೆಸರಿಟ್ಟು, ಹಾರ್ಡ್ ಕ್ಯಾಂಡಿ ಎಂಬ ಕಂಪನಿ ಮಾಡಿದಳು. ಡಾಕ್ಟರ್ ಓದು ಅಲ್ಲಿಗೆ ನಿಂತಿತು. ಉಗುರು ಅಂದರೆ ಕೆಂಪು, ಗುಲಾಬಿ ಎಂಬ ಕಾಲ ಮುಗಿಯಿತು.

ಆದರೆ ನರ್ಸಿಗೆ ನೀಲಿ ಉಗುರು ಅಂದರೆ ಬೇರೆಯೇ ಅರ್ಥ. ರಕ್ತದಲ್ಲಿ ಆಮ್ಲಜನಕ ಕಡಿಮೆಯಾದರೆ ಉಗುರಿನ ಅಡಿ ನೀಲಿಯಾಗುತ್ತದೆ. ನಮ್ಮಂಥ ಕಂದು ಚರ್ಮದವರಲ್ಲಿ ಇದನ್ನು ಉಗುರು, ತುಟಿ, ನಾಲಿಗೆಯಲ್ಲಿಯೇ ಹುಡುಕಬೇಕು. ಫಸ್ಟ್ ಇಯರಿನಲ್ಲಿ ಮೇಡಂ ಹೇಳಿಕೊಟ್ಟದ್ದು ಇನ್ನೂ ನೆನಪಿದೆ. ಬೆರಳಿಗೆ ಕ್ಲಿಪ್ ಹಾಕುವ ಆಕ್ಸಿಮೀಟರ್ ಈಗ ಆ ಕೆಲಸ ಮಾಡುತ್ತದೆ. ಜಪಾನಿನ ಟಕುವೊ ಅಯೋಯಾಗಿ ಎಂಬ ಎಂಜಿನಿಯರ್ 1974ರಲ್ಲಿ ಅದರ ಸೂತ್ರ ಕಂಡುಹಿಡಿದರು. ಕೆಂಪು ಬೆಳಕು, ಅತಿಗೆಂಪು ಬೆಳಕು ಎರಡನ್ನೂ ಬೆರಳಿನೊಳಗೆ ಹಾಯಿಸಿ, ರಕ್ತ ಎಷ್ಟೆಷ್ಟು ಹೀರಿತು ಎಂದು ಲೆಕ್ಕ ಹಾಕುವುದು. ನೀಲಿ ಪಾಲಿಶ್ ಇದ್ದರೆ ಅದೂ ಕೆಂಪು ಬೆಳಕು ಹೀರುತ್ತದೆ, ಆಗ ಅಂಕಿ ನಿಜಕ್ಕಿಂತ ಕಡಿಮೆ ತೋರಿಸಬಹುದು. 1988ರಲ್ಲೇ ಒಂದು ಅಧ್ಯಯನ ನೀಲಿ, ಹಸಿರು, ಕಪ್ಪು ಬಣ್ಣಗಳಲ್ಲಿ ಇದನ್ನು ತೋರಿಸಿತ್ತು.

ಈ ವಿಷಯವನ್ನು 2021ರಲ್ಲಿ ನಾನೇ ನಮ್ಮ ಮನೆಯ ವಾಟ್ಸಾಪ್ ಗ್ರೂಪಿಗೆ ಬರೆದಿದ್ದೆ. "ಉಗುರಿಗೆ ಬಣ್ಣ ಇದ್ದರೆ ಮೆಷಿನ್ ತಪ್ಪು ತೋರಿಸುತ್ತದೆ" ಅಂತ. ದೊಡ್ಡ ತಜ್ಞೆಯ ಹಾಗೆ.

ಅದೇ ಮೇ ತಿಂಗಳು, ಲಾಕ್‌ಡೌನ್. ಅಮ್ಮನಿಗೆ ನಾಲ್ಕು ದಿನದಿಂದ ಜ್ವರ, ಕೆಮ್ಮು. ಅಣ್ಣನ ಮಗಳು, ಆಗ ಏಳು ವರ್ಷ, ಜ್ವರ ಬರುವ ಹಿಂದಿನ ದಿನವಷ್ಟೇ ಅಜ್ಜಿಯ ಹತ್ತು ಬೆರಳಿಗೂ ಕಡುನೀಲಿ ಹಚ್ಚಿದ್ದಳು. ಬೀಡಿಯ ಕರೆ ಕಾಣದಿರಲಿ ಅಂತ ಅವಳ ಆಸೆ. ಆಕ್ಸಿಮೀಟರ್ 86 ತೋರಿಸಿತು. ಮನೆಯಲ್ಲಿ ಯಾರಿಗೂ ಗಾಬರಿಯಿಲ್ಲ. "ನೀನೇ ಹೇಳಿದ್ದಲ್ವಾ, ಬಣ್ಣದಿಂದ ಹಾಗೆ" ಅಂತ ಅತ್ತಿಗೆ ಆರಾಮಾಗಿ ವಿಡಿಯೋದಲ್ಲಿ ಹೇಳಿದರು. ನಾನು ನೈಟ್ ಡ್ಯೂಟಿಯ ಬ್ರೇಕಿನಲ್ಲಿ ನಿಂತಿದ್ದೆ. ಕಾಲು ನೀರಾಯಿತು. ಬಣ್ಣ ಒರೆಸುವ ದ್ರವ ಮನೆಯಲ್ಲಿಲ್ಲ, ಅಂಗಡಿ ಮುಚ್ಚಿದೆ.

"ಅಮ್ಮನ ಕಾಲ ಬೆರಳು ಉಜ್ಜಿ ಬಿಸಿ ಮಾಡಿ ಅದಕ್ಕೆ ಹಾಕಿ" ಅಂದೆ. ಕಾಲಿಗೆ ಬಣ್ಣ ಇರಲಿಲ್ಲ. ಅಂಕಿ ಏರಲಿ ಎಂದು ನಾನು ಬೇಡಿಕೊಂಡಷ್ಟು ಯಾವತ್ತೂ ಬೇಡಿಕೊಂಡಿಲ್ಲ. 88. ಅಂದರೆ ಬಣ್ಣದ ತಪ್ಪಲ್ಲ. "ನಾಲಿಗೆ ತೋರಿಸಮ್ಮ" ಅಂದೆ. ತೋರಿಸಿದರು. ಅಣ್ಣ ಮಾತಾಡದೆ ಜೀಪಿನ ಕೀ ತೆಗೆದ. ಮಂಗಳೂರಿನಲ್ಲಿ ಒಂಬತ್ತು ದಿನ ಆಕ್ಸಿಜನ್. ಅಮ್ಮ ಮನೆಗೆ ಬಂದರು. ಆ ತಿಂಗಳು ಎಷ್ಟೋ ಮನೆಗಳಿಗೆ ಬರಲಿಲ್ಲ, ನಮ್ಮ ಓಣಿಯಲ್ಲೇ ಎರಡು ಮನೆ.

ಅರ್ಧ ಹೇಳಿದ ಬುದ್ಧಿಮಾತು ಎಷ್ಟು ಅಪಾಯ ಅಂತ ನಾನು ಕಲಿತದ್ದು ಆವತ್ತು. "ಬಣ್ಣ ಇದ್ದರೆ ಮೆಷಿನ್ ನಂಬಬೇಡಿ" ಎಂದಷ್ಟೇ ಹೇಳಬಾರದು. "ಬಣ್ಣವಿಲ್ಲದ ಬೆರಳಿನಲ್ಲಿ ಮತ್ತೆ ನೋಡಿ, ಆಗಲೂ ಕಡಿಮೆ ಇದ್ದರೆ ಕಾಯಬೇಡಿ" ಅನ್ನುವ ತನಕ ಹೇಳಬೇಕು.

ಡಿಸೈನ್ ಕೇಳಿದವರಿಗೆ

ಗಿಡ್ಡ ಉಗುರಿಗೆ ತೆಳು ನೀಲಿ ತುಂಬ ಒಪ್ಪುತ್ತದೆ. ಮೊದಲು ಬೇಸ್ ಕೋಟ್, ಇಲ್ಲದಿದ್ದರೆ ಉಗುರು ಹಳದಿಯಾಗುತ್ತದೆ. ಆಮೇಲೆ ತೆಳುವಾಗಿ ಎರಡು ಕೋಟ್, ನಡುವೆ ಒಣಗಲು ಬಿಡಿ. ಅಂಚಿನಲ್ಲಿ ಕೂದಲೆಳೆಯಷ್ಟು ಜಾಗ ಬಿಟ್ಟರೆ ಉಗುರು ಉದ್ದ ಕಾಣುತ್ತದೆ. ಸಾಕೆನಿಸದಿದ್ದರೆ ತುದಿಗೆ ಸಣ್ಣ ಬಿಳಿ ಗೆರೆ. ಅಥವಾ ಉಂಗುರ ಬೆರಳಿಗೆ ಬೆಂಕಿಕಡ್ಡಿಯ ತುದಿಯಿಂದ ಒಂದು ಬಿಳಿ ಚುಕ್ಕೆ, ಮೂರಿಟ್ಟರೆ ಹೂವು. ನರ್ಸುಗಳು ಚುಕ್ಕೆ ಹೂವು ಎಲ್ಲ ರಜೆಯ ದಿನಕ್ಕೆ ಇಟ್ಟುಕೊಳ್ಳಿ. ಆಸ್ಪತ್ರೆಗೆ ಅಡ್ಮಿಟ್ ಆಗುವವರು, ಆಪರೇಷನ್ ಇರುವವರು ಬಣ್ಣ ತೆಗೆದು ಹೋಗಿ.

ಮೊನ್ನೆ ವಿಡಿಯೋ ಕಾಲಿನಲ್ಲಿ ಅಮ್ಮ ಕೈ ತೋರಿಸಿದರು. ಮೊಮ್ಮಗಳು ಈ ಸಲ ನನ್ನ ಫೋಟೊ ನೋಡಿ ಆಕಾಶನೀಲಿ ಹಚ್ಚಿದ್ದಾಳೆ. ಒಂಬತ್ತು ಬೆರಳಿಗೆ. ಬಲಗೈ ತೋರುಬೆರಳು ಖಾಲಿ.

"ಅದು ಮೆಷಿನಿಗೆ" ಅಂದಳು ಹುಡುಗಿ.

ಮುಂದಿನ ವಾರ ಸಿಗೋಣ. ಚಿಕ್ಕಮ್ಮ, ನಿಮಗೆ ಒಂದು ಬಾಟಲಿ ಕಳಿಸುತ್ತಿದ್ದೇನೆ. ಬಣ್ಣ ಯಾವುದೆಂದು ಕೇಳಬೇಡಿ.