ಗವರ್ನರ್ ಮೇಲೆ ಸಿಟ್ಟು ಯಾಕೆ?

ಗೋ-ಕಾರ್ಟ್ ಏರು ಹತ್ತದೇ ನಿಂತರೆ ನಾವು ಮೊದಲು ಬೈಯೋದು ಗವರ್ನರನ್ನ. ನಾನೂ ಅದನ್ನ ಕಿತ್ತು ಬಿಸಾಕೋಣ ಅಂತ ಸ್ಪ್ಯಾನರ್ ಹಿಡಿದು ಕೂತವನೇ. ಕೈ ತಡೆದದ್ದು ಇತಿಹಾಸ.

1788ರಲ್ಲಿ ಜೇಮ್ಸ್ ವಾಟ್ ತನ್ನ ಹಬೆ ಎಂಜಿನ್‌ಗೆ ತಿರುಗುವ ಎರಡು ಗುಂಡುಗಳನ್ನು ಜೋಡಿಸಿದ. ವೇಗ ಹೆಚ್ಚಿದರೆ ಗುಂಡುಗಳು ಹೊರಕ್ಕೆ ಸರಿದು ಹಬೆಯನ್ನು ತಗ್ಗಿಸುತ್ತವೆ. ವೇಗ ಇಳಿದರೆ ಹಬೆ ಹೆಚ್ಚುತ್ತೆ. 1956ರಲ್ಲಿ ಕ್ಯಾಲಿಫೋರ್ನಿಯಾದ ಆರ್ಟ್ ಇಂಗೆಲ್ಸ್, ಹುಲ್ಲು ಕತ್ತರಿಸುವ ಯಂತ್ರದ ಎಂಜಿನ್ ಕೂರಿಸಿ ಮೊದಲ ಕಾರ್ಟ್ ಕಟ್ಟಿದರು. ಇಂಥ ಸಣ್ಣ ಎಂಜಿನ್‌ಗಳ ಜತೆಗೇ ವಾಟ್‌ನ ಉಪಾಯವೂ ಕಾರ್ಟ್‌ಗಳಿಗೆ ಬಂತು.

ಈಗ ಯೋಚಿಸಿ. ಏರಿನಲ್ಲಿ ವೇಗ ಇಳಿದಾಗ ಗವರ್ನರ್ ಆಗಲೇ ಥ್ರಾಟಲ್ ಪೂರ್ತಿ ತೆರೆದಿರುತ್ತೆ. ಹಾಗಾದರೆ ತಪ್ಪು ಗೇರಿಂಗ್‌ನದ್ದು! ಮುಂದಿನ ಸ್ಪ್ರಾಕೆಟ್‌ಗೆ 10 ಹಲ್ಲು, ಹಿಂದಿನದಕ್ಕೆ 40 ಇತ್ತು. ಹಿಂದಿನದನ್ನು 60 ಮಾಡಿದೆ. ಚಕ್ರಕ್ಕೆ ಸಿಗುವ ತಿರುಗುಬಲ ಒಂದೂವರೆ ಪಟ್ಟಾಯ್ತು, ಗರಿಷ್ಠ ವೇಗ ಮೂರನೇ ಒಂದು ಭಾಗ ಕಡಿಮೆಯಾಯ್ತು. ಕಾರ್ಟ್ ಏರು ಹತ್ತಿತು.

ಗವರ್ನರ್ ಕಿತ್ತಿದ್ದರೆ? ನಿಮಿಷಕ್ಕೆ 3600 ಸುತ್ತಿನ ಮಿತಿಯ ಎಂಜಿನ್ ಹದ್ದು ಮೀರಿ ಓಡಿ, ಫ್ಲೈವೀಲ್ ಸಿಡಿಯಬಹುದಿತ್ತು. ಓಡಿಸೋನು ನನ್ನ ಮಗ. ಎಂಜಿನ್ ಇರೋದು ಅವನ ಬೆನ್ನ ಹಿಂದೆ. ಗವರ್ನರ್ ಇವತ್ತೂ ಅಲ್ಲೇ ಇದೆ.