ಬ್ಲೂ ಮೂನ್ ದಿನ ಚಂದ್ರ ನಿಜಕ್ಕೂ ನೀಲಿಯಾಗುತ್ತಾನಾ? ‘ಒನ್ಸ್ ಇನ್ ಎ ಬ್ಲೂ ಮೂನ್’ ಎಂದರೇನು?

‘ಇಂದು ರಾತ್ರಿ ನೀಲಿ ಚಂದ್ರ, ತಪ್ಪದೇ ನೋಡಿ’ ಎಂಬ ಸಂದೇಶ ಕಡುನೀಲಿ ಚಂದ್ರನ ಫೋಟೋ ಸಮೇತ ಎರಡು ಮೂರು ವರ್ಷಕ್ಕೊಮ್ಮೆ ವಾಟ್ಸ್‌ಆ್ಯಪ್‌ನಲ್ಲಿ ಹರಿದಾಡುತ್ತದೆ. ಮಕ್ಕಳನ್ನು ಕರೆದುಕೊಂಡು ತಾರಸಿ ಹತ್ತಿದರೆ ಕಾಣುವುದು ಎಂದಿನ ಹುಣ್ಣಿಮೆ ಚಂದ್ರನೇ. ಫೋಟೋದಲ್ಲಿರುವ ನೀಲಿ ಸಾಮಾನ್ಯವಾಗಿ ಎಡಿಟಿಂಗ್ ಕೈಚಳಕ.

ಇಂಗ್ಲಿಷ್‌ನಲ್ಲಿ ‘ಒನ್ಸ್ ಇನ್ ಎ ಬ್ಲೂ ಮೂನ್’ ಎಂದರೆ ತೀರಾ ಅಪರೂಪಕ್ಕೆ ಎಂದರ್ಥ. ‘ಅವನು ಫೋನ್ ಮಾಡೋದು ಒನ್ಸ್ ಇನ್ ಎ ಬ್ಲೂ ಮೂನ್’ ಎಂದರೆ ಮಾಡುತ್ತಾನೆ, ಆದರೆ ಯಾವಾಗಲೋ ಒಮ್ಮೆ. ಮಾಡುವುದೇ ಇಲ್ಲ ಎನ್ನಲು ಇದನ್ನು ಬಳಸುವುದಿಲ್ಲ. ಆಡುಮಾತಿನ ಪ್ರಯೋಗವಾದ್ದರಿಂದ ಕಚೇರಿಯ ಪತ್ರಗಳಿಗೂ ಅಷ್ಟಾಗಿ ಹೊಂದದು. ಕನ್ನಡದಲ್ಲಿ ಇದಕ್ಕೆ ‘ಅಮಾವಾಸ್ಯೆಗೊಮ್ಮೆ ಹುಣ್ಣಿಮೆಗೊಮ್ಮೆ’ ಎನ್ನುತ್ತೇವೆ. ಲೆಕ್ಕ ಹಾಕಿದರೆ ಅದು ಹದಿನೈದು ದಿನಕ್ಕೊಮ್ಮೆ! ಅಪರೂಪದ ವಿಷಯದಲ್ಲಿ ನಮ್ಮದು ಸ್ವಲ್ಪ ಉದಾರ ಮಾತು.

ಈಗ ಸುದ್ದಿಯಾಗುವ ಬ್ಲೂ ಮೂನ್ ಬಣ್ಣದ ಮಾತಲ್ಲ, ಕ್ಯಾಲೆಂಡರ್‌ನ ಲೆಕ್ಕ. ಹುಣ್ಣಿಮೆಯಿಂದ ಹುಣ್ಣಿಮೆಗೆ ಸುಮಾರು 29.5 ದಿನ. ಹನ್ನೆರಡು ಚಾಂದ್ರಮಾಸ ಸೇರಿದರೂ 354 ದಿನವಷ್ಟೇ, ವರ್ಷಕ್ಕೆ ಸುಮಾರು 11 ದಿನ ಕಡಿಮೆ. ಈ ವ್ಯತ್ಯಾಸ ಕೂಡಿಕೊಂಡು ಒಂದು ಹುಣ್ಣಿಮೆ ಹೆಚ್ಚುವರಿಯಾಗಿ ಬರುತ್ತದೆ. ಒಂದೇ ತಿಂಗಳಲ್ಲಿ ಬೀಳುವ ಎರಡನೇ ಹುಣ್ಣಿಮೆಯೇ ಬ್ಲೂ ಮೂನ್. ನಮ್ಮ ಪಂಚಾಂಗದ ಅಧಿಕ ಮಾಸಕ್ಕೂ ಕಾರಣ ಇದೇ 11 ದಿನದ ಲೆಕ್ಕ. 2023ರಲ್ಲಿ ಅಧಿಕ ಶ್ರಾವಣವೂ ಬಂದಿತ್ತು, ಆಗಸ್ಟ್ 31ರಂದು ಬ್ಲೂ ಮೂನ್ ಕೂಡ ಆಗಿತ್ತು.

ತಮಾಷೆಯೆಂದರೆ ಈ ವ್ಯಾಖ್ಯಾನ ಹುಟ್ಟಿದ್ದೇ ಒಂದು ತಪ್ಪಿನಿಂದ. ಅಮೆರಿಕದ ಮೇನ್ ರಾಜ್ಯದ ರೈತರ ಪಂಚಾಂಗದಲ್ಲಿ, ಒಂದು ಋತುವಿನಲ್ಲಿ ಮೂರರ ಬದಲು ನಾಲ್ಕು ಹುಣ್ಣಿಮೆ ಬಂದರೆ ಮೂರನೆಯದನ್ನು ಬ್ಲೂ ಮೂನ್ ಎನ್ನುತ್ತಿದ್ದರು. 1946ರಲ್ಲಿ ‘ಸ್ಕೈ ಆ್ಯಂಡ್ ಟೆಲಿಸ್ಕೋಪ್’ ಪತ್ರಿಕೆಯ ಲೇಖನವೊಂದು ಅದನ್ನು ತಪ್ಪಾಗಿ ಅರ್ಥೈಸಿತು. ಪತ್ರಿಕೆ 1999ರಲ್ಲಿ ತಪ್ಪನ್ನು ಒಪ್ಪಿಕೊಳ್ಳುವ ಹೊತ್ತಿಗೆ ಜಗತ್ತು ಅದನ್ನೇ ಸರಿಯೆಂದು ನಂಬಿಯಾಗಿತ್ತು. ಫಾರ್ವರ್ಡ್‌ಗಳು ಬರುವ ಮೊದಲೂ ತಪ್ಪು ಮಾಹಿತಿ ಹೀಗೇ ಹಬ್ಬುತ್ತಿತ್ತು.

ಹಾಗಾದರೆ ಚಂದ್ರ ನೀಲಿಯಾಗಿ ಕಂಡದ್ದೇ ಇಲ್ಲವೇ? ಕಂಡಿದ್ದಾನೆ. 1883ರಲ್ಲಿ ಇಂಡೋನೇಷ್ಯಾದ ಕ್ರಕಟೋವ ಜ್ವಾಲಾಮುಖಿ ಸಿಡಿದಾಗ ಹಲವೆಡೆ ನೀಲಿ ಚಂದ್ರ ಕಂಡಿತ್ತು. 1950ರಲ್ಲಿ ಕೆನಡಾದ ಕಾಡ್ಗಿಚ್ಚಿನ ಹೊಗೆ ಬ್ರಿಟನ್‌ವರೆಗೂ ಹರಡಿದಾಗಲೂ ಹೀಗಾಗಿತ್ತು. ಗಾಳಿಯಲ್ಲಿರುವ ಕಣಗಳು ಸುಮಾರು ಒಂದು ಮೈಕ್ರಾನ್‌ನಷ್ಟು, ಹೆಚ್ಚುಕಡಿಮೆ ಒಂದೇ ಗಾತ್ರದವಾಗಿದ್ದರೆ ಕೆಂಪು ಬೆಳಕನ್ನು ಹೆಚ್ಚು ಚದುರಿಸಿ ನೀಲಿಯನ್ನು ನಮ್ಮತ್ತ ಬಿಡುತ್ತವೆ. ಅದಕ್ಕೆ ಹುಣ್ಣಿಮೆಯೇ ಆಗಬೇಕೆಂದೂ ಇಲ್ಲ. ಕ್ರಕಟೋವದಿಂದಲೇ ಈ ನುಡಿಗಟ್ಟು ಹುಟ್ಟಿತೆಂಬ ಮಾತೂ ಸುಳ್ಳು. ಅದು ಸಿಡಿಯುವುದಕ್ಕೆ ದಶಕಗಳ ಮೊದಲೇ ಇಂಗ್ಲಿಷರು ಇದನ್ನು ಬಳಸುತ್ತಿದ್ದರು.